ಕಥೆಗಾರನ ಪುಟಕ್ಕೆ ಗೂಗಲ್ ಸೈಟ್ಸ್: ನಾಲ್ಕು ವರ್ಷ ಬಳಸಿದ ಮೇಲೆ

ನನ್ನ ಎರಡು ಕಥಾಸಂಕಲನಗಳು ಬಂದಿವೆ. ಕಂಪ್ಯೂಟರಿನಲ್ಲಿ ನನಗೆ ಗೊತ್ತಿರುವುದು ಟೈಪ್ ಮಾಡೋದು, ಮೇಲ್ ಕಳಿಸೋದು, ಅಷ್ಟೇ. "ಪುಸ್ತಕ ಎಲ್ಲಿ ಸಿಗುತ್ತೆ ಸಾರ್?" ಎಂದು ಕೇಳಿದವರಿಗೆಲ್ಲ ಅದೇ ಮೆಸೇಜ್ ಕಳಿಸಿ ಕಳಿಸಿ ಸಾಕಾಗಿ, ಒಂದು ಭಾನುವಾರ ಗೂಗಲ್ ಸೈಟ್ಸ್ (ಕೋಡ್ ಬರೆಯದೆ ವೆಬ್ ಪುಟ ಕಟ್ಟಿಕೊಳ್ಳಲು ಗೂಗಲ್ ಕೊಡುವ ಸೌಲಭ್ಯ) ತೆರೆದು ಕೂತೆ. ಸಂಜೆ ಕಾಫಿ ಹೊತ್ತಿಗೆ ಪುಟ ಎದ್ದು ನಿಂತಿತ್ತು.

ಜಿಮೇಲ್ ಖಾತೆ ಇದ್ದರೆ ಸಾಕು. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. ಬಲಗಡೆಯ ಪಟ್ಟಿಯಿಂದ ಚಿತ್ರ, ಬಟನ್, ಫಾರ್ಮ್ ಆರಿಸಿ ಬೇಕಾದ ಕಡೆ ಇಡುವುದು. ಮೊಬೈಲಿಗೆ ಅದೇ ಹೊಂದಿಕೊಳ್ಳುತ್ತದೆ.

ನಿಜವಾದ ಕಷ್ಟ ಎದುರಾಗಿದ್ದು ಕನ್ನಡದ್ದು. ಡಿಟಿಪಿಯವರ ಫೈಲು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿತ್ತು. ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳಿಗೆ ಚುಕ್ಕಿ, ಕೊಂಬು ಮೂಡಿದಂಥ ಗೋಜಲು! ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತವೆ. ವೆಬ್ಬಿಗೆ ಬೇಕಾದ್ದು ಯುನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಪದ್ಧತಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಆದರೆ ಆಮೇಲೆ ಒಂದು ಸಲ ಕರಡು ತಿದ್ದಲೇಬೇಕು. ನನ್ನ ಕಥೆಯಲ್ಲಿ ಅರ್ಕಾವತ್ತು ಇದ್ದ ಕಡೆಯೆಲ್ಲ ಎಡವಟ್ಟಾಗಿತ್ತು.

ಇನ್ನೆರಡು ಎಡವಟ್ಟು ನನ್ನವೇ. ಎರಡನೇ ಸಂಕಲನ ಬಂದಾಗ ಮುಖಪುಟ ಏರಿಸಿ ಊರಿಗೆಲ್ಲ ಹೇಳಿದೆ. ಯಾರಿಗೂ ಕಾಣಲಿಲ್ಲ. ನಾನು ನೋಡುತ್ತಿದ್ದದ್ದು ಕರಡು ಪ್ರತಿ. ಮೇಲಿನ 'ಪಬ್ಲಿಷ್' ಒತ್ತುವುದೇ ಮರೆತಿದ್ದೆ. ಗೂಗಲ್ ಡ್ರೈವಿನಲ್ಲಿಟ್ಟಿದ್ದ ಒಂದು ಕಥೆಯ ಪಿಡಿಎಫ್ ಸೇರಿಸಿದಾಗಲೂ ಹಾಗೇ. ಆ ಫೈಲಿನ ಅನುಮತಿಯನ್ನು 'ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು' ಎಂದು ಬದಲಿಸಿರಲಿಲ್ಲ. ಓದುಗರೆಲ್ಲ ಅನುಮತಿ ಕೇಳಿ ಮೇಲ್ ಕಳಿಸಿದರು ಪಾಪ. ಪ್ರಕಟಿಸಿದ ಮೇಲೆ ಬೇರೆಯವರ ಫೋನಿನಲ್ಲಿ ತೆರೆದು ನೋಡುವ ಅಭ್ಯಾಸ ಆವಾಗ ಬಂತು.

ಆ ಪಿಡಿಎಫ್ ತೆಗೆದು ಕಥೆಯನ್ನು ಪುಟದಲ್ಲೇ ಪೂರ್ತಿ ಹಾಕಿದೆ, ಕೊನೆಯಲ್ಲಿ ಪ್ರಕಾಶಕರ ಅಂಗಡಿಗೆ ಹೋಗುವ ಬಟನ್. ಫಾರ್ಮಿನಲ್ಲಿ ಬರೆಯುವವರು ಹೆಚ್ಚಾಗಿ ಮಾತಾಡುವುದು ಆ ಕಥೆಯ ಬಗ್ಗೆಯೇ. ನನ್ನ ಪರಿಚಯ, ಪ್ರಶಸ್ತಿ ಪಟ್ಟಿ ಯಾರೂ ಕೇಳಿಲ್ಲ. ಸುಮ್ನೆ ಎರಡು ಗಂಟೆ ಹಾಳು ಮಾಡಿಕೊಂಡಿದ್ದೆ.

ಕೊರತೆ ಇಲ್ಲವೇ? ಇದೆ. ಬ್ಲಾಗ್ ಸೌಲಭ್ಯ ಇಲ್ಲ. ವಾರಕ್ಕೊಂದು ಬರಹ ಹಾಕುವವರಿಗೆ ಬ್ಲಾಗರ್ ಅಥವಾ ವರ್ಡ್‌ಪ್ರೆಸ್ ಒಳ್ಳೆಯದು. ಪುಟದ ವಿಳಾಸವೂ ಉದ್ದ. ಅದಕ್ಕೇ ನನ್ನ ಹೆಸರಿನ ಡೊಮೇನ್ (ಸ್ವಂತ ವೆಬ್ ವಿಳಾಸ) ಬೇರೆ ಕಡೆ ಕೊಂಡೆ. ಮೊದಲ ವರ್ಷ 200 ರೂಪಾಯಿಯೂ ಆಗಲಿಲ್ಲ, ಎರಡನೇ ವರ್ಷ ಬಿಲ್ಲು 1,000ದ ಹತ್ತಿರ! ಕೊಳ್ಳುವಾಗ ನವೀಕರಣದ ದರ ನೋಡಿಕೊಳ್ಳಬೇಕಿತ್ತು, ಅಲ್ವಾ?

ಮೊನ್ನೆ ಕವಿ ಗೆಳೆಯನೊಬ್ಬ ಫೋನ್ ಮಾಡಿ, "ನಂಗೂ ಒಂದು ಮಾಡಿಕೊಡೋ" ಅಂದ. ಮೊದಲು ನಿನ್ನ ನುಡಿ ಫೈಲು ಯುನಿಕೋಡ್ ಮಾಡಿಕೊಂಡು ಬಾ ಅಂದೆ. ಇನ್ನೂ ಬಂದಿಲ್ಲ.