ಸಂತರ ಹಬ್ಬಗಳ ಗೋಡೆ ಕ್ಯಾಲೆಂಡರ್: ನಾಲ್ಕು ವರ್ಷ ಬಳಸಿದ ಮೇಲೆ

ಮೈಸೂರಿನ ಚರ್ಚುಗಳ ಹೊರಗಿನ ಪುಸ್ತಕದ ಮೇಜಿಗೆ ನವೆಂಬರ್ ಕೊನೆಯಲ್ಲಿ ಬರುವ, ಕ್ಯಾಥೊಲಿಕ್ ಸಂತರ ಹಬ್ಬಗಳ ಕನ್ನಡ ಕ್ಯಾಲೆಂಡರ್ ಇದು. ಹನ್ನೆರಡು ಹಾಳೆ, ಮೇಲೊಂದು ತಗಡಿನ ಪಟ್ಟಿ. ಪ್ರತಿ ಚೌಕದಲ್ಲಿ ಆ ದಿನದ ಸಂತರ ಹೆಸರು, ಪೂಜಾವಸ್ತ್ರದ ಬಣ್ಣದ ಚುಕ್ಕಿ, ಪೂಜೆಯಲ್ಲಿ ಓದುವ ಬೈಬಲ್ ವಾಚನಗಳು. ಹಾಳೆಯ ಹಿಂಬದಿಯಲ್ಲಿ ಆ ತಿಂಗಳ ನಾಲ್ಕೈದು ಸಂತರ ಚರಿತ್ರೆ. 2023ರಿಂದ 2026ರವರೆಗಿನ ನಾಲ್ಕೂ ವರ್ಷದ್ದನ್ನು ಬಳಸಿ ನೋಡಿದ ಮೇಲೆ ಬರೆದದ್ದು.

ಮೈಸೂರಿನವರು ಯಾವ ಸಂತರ ಕ್ಯಾಲೆಂಡರ್ ಕೊಳ್ಳುವುದಿದ್ದರೂ ಮೊದಲು ಆಗಸ್ಟ್ ಹಾಳೆ ತೆಗೆದು 11ನೇ ತಾರೀಖು ನೋಡಬೇಕು. ಎಲ್ಲ ದೇಶಗಳಿಗೂ ಅನ್ವಯಿಸುವ ರೋಮಿನ ಸಾಮಾನ್ಯ ಪಂಚಾಂಗದಲ್ಲಿ ಅಂದು ಅಸ್ಸೀಸಿಯ ಸಂತ ಕ್ಲಾರಾ ಅವರ ಸ್ಮರಣೆ. ಆದರೆ ನಮ್ಮೂರಲ್ಲಿ ಅದು ಸಂತ ಫಿಲೋಮಿನಾ ಹಬ್ಬ. ಫಿಲೋಮಿನಾ ಹೆಸರನ್ನು 1961ರಲ್ಲಿ ಪಂಚಾಂಗಗಳಿಂದ ತೆಗೆಯಲಾಯಿತು, ಭಕ್ತಿಗೆ ತಡೆಯಿರಲಿಲ್ಲ. ಕ್ಲಾರಾ ಅವರ ದಿನ ಆಗಸ್ಟ್ 12ರಿಂದ 11ಕ್ಕೆ ಬಂದದ್ದು 1969ರ ಪರಿಷ್ಕರಣೆಯಲ್ಲಿ. ಈ ಹಿನ್ನೆಲೆ ಗೊತ್ತಿಲ್ಲದ ಮುದ್ರಕರು ಬರೀ ಕ್ಲಾರಾ ಹೆಸರು ಹಾಕುತ್ತಾರೆ, ಹಳೆಯ ಪಟ್ಟಿ ನಕಲು ಮಾಡಿದವರು ಬರೀ ಫಿಲೋಮಿನಾ ಹೆಸರು. ಈ ಕ್ಯಾಲೆಂಡರಿನಲ್ಲಿ ಮೊದಲೆರಡು ವರ್ಷ ಕ್ಲಾರಾ ಮಾತ್ರ ಇದ್ದರು. 2025ರಿಂದ ಎರಡೂ ಹೆಸರಿವೆ, ಫಿಲೋಮಿನಾ ಹೆಸರಿನ ಮುಂದೆ 'ಮೈಸೂರು' ಎಂದೂ ಇದೆ. ಇದೇ ಸರಿಯಾದ ಕ್ರಮ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಫಿಲೋಮಿನಾ ಚರ್ಚಿನ ಹಬ್ಬ ಆ ಊರಿನ ಕ್ಯಾಲೆಂಡರಿನಲ್ಲೇ ಇಲ್ಲದಿದ್ದರೆ ಹೇಗೆ?

ಎರಡನೆಯದು ದರ್ಜೆ. ಮಹೋತ್ಸವ, ಹಬ್ಬ, ಸ್ಮರಣೆ, ಐಚ್ಛಿಕ (ಬೇಕಾದರೆ ಮಾಡುವ) ಸ್ಮರಣೆ ಎಂದು ಮೇಲಿನಿಂದ ಕೆಳಕ್ಕೆ ಬರುವ ನಾಲ್ಕು ದರ್ಜೆಗಳನ್ನು ಹೆಸರಿನ ಪಕ್ಕ ಒಂದೊಂದು ಅಕ್ಷರದಲ್ಲಿ ಗುರುತಿಸಿದ್ದಾರೆ. ನಮ್ಮ ಮಟ್ಟಿಗೆ ಇದರ ದೊಡ್ಡ ಗುಣವೇ ಇದು. ಜುಲೈ 3ರ ಪ್ರೇಷಿತ ತೋಮಾಸರ ದಿನ ರೋಮಿನ ಪಟ್ಟಿಯಲ್ಲಿ ಹಬ್ಬ, ಭಾರತದಲ್ಲಿ ಮಹೋತ್ಸವ. ಡಿಸೆಂಬರ್ 3ರ ಫ್ರಾನ್ಸಿಸ್ ಕ್ಸೇವಿಯರ್ ದಿನ ಅಲ್ಲಿ ಸ್ಮರಣೆ, ಇಲ್ಲಿ ಮಹೋತ್ಸವ. ಹೊರದೇಶದ ಆ್ಯಪ್ ನೋಡಿಕೊಂಡು ಪೂಜೆಗೆ ಸಿದ್ಧತೆ ಮಾಡುವವರು ಎಡವುವುದು ಇಂಥ ಕಡೆಯೇ. ಮಹೋತ್ಸವಕ್ಕೆ ಶುಭಸಂದೇಶಕ್ಕೆ (ಯೇಸುವಿನ ಚರಿತ್ರೆಯ ವಾಚನಕ್ಕೆ) ಮೊದಲು ಎರಡು ವಾಚನ, ಅಂದರೆ ಓದುವವರು ಇಬ್ಬರು ಬೇಕು. ಗ್ಲೋರಿಯಾ ಎಂಬ ಸ್ತುತಿಗೀತೆಯ ಜೊತೆಗೆ ವಿಶ್ವಾಸ ಪ್ರಮಾಣವೂ ಇರುತ್ತದೆ.

ತಪ್ಪು ಹೆಚ್ಚಾಗಿ ನುಸುಳುವುದು ತಾರೀಖು ಮುಂದೆ ಹೋಗುವ ಹಬ್ಬಗಳಲ್ಲಿ. 2023ರಲ್ಲಿ ಮಾರ್ಚ್ 19 ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಭಾನುವಾರವಾಗಿತ್ತು, ಹಾಗಾಗಿ ಸಂತ ಜೋಸೆಫರ ಮಹೋತ್ಸವ 20ಕ್ಕೆ ಹೋಯಿತು. ಕ್ಯಾಲೆಂಡರಿನಲ್ಲಿ 19ಕ್ಕೇ ಅಚ್ಚಾಗಿತ್ತು. 2024ರ ಮಂಗಳವಾರ್ತೆಯ ಹಬ್ಬ ಈಸ್ಟರಿನ ಹಿಂದಿನ ಪವಿತ್ರ ವಾರದಲ್ಲಿ ಬಿದ್ದು ಏಪ್ರಿಲ್ 8ಕ್ಕೆ ಹೋದದ್ದನ್ನು ಸರಿಯಾಗಿ ಹಾಕಿದ್ದರು. ಅದೇ ವರ್ಷ ಡಿಸೆಂಬರ್ 9ಕ್ಕೆ ಸರಿದ ಅಮಲೋದ್ಭವ ಮಾತೆಯ ಮಹೋತ್ಸವವನ್ನು ಮಾತ್ರ 8ಕ್ಕೇ ಬಿಟ್ಟರು. ಹಿಂದಿನ ವರ್ಷದ ಫೈಲಿನಲ್ಲಿ ವಾರ ಬದಲಿಸಿ ಹೆಸರು ಹಾಗೇ ಉಳಿಸಿಕೊಂಡರೆ ಹೀಗೇ ಆಗುತ್ತದೆ. ಸ್ಮರಣೆಗಳಾದರೆ ಮುಂದೆ ಹೋಗುವುದಿಲ್ಲ, ಭಾನುವಾರ ಬಿದ್ದರೆ ಆ ವರ್ಷ ಬಿಟ್ಟುಹೋಗುತ್ತವೆ. 2026ರ ಅಕ್ಟೋಬರ್ 4 ಭಾನುವಾರ, ಆದ್ದರಿಂದ ಅಸ್ಸೀಸಿಯ ಫ್ರಾನ್ಸಿಸರ ಸ್ಮರಣೆ ಸಾಮಾನ್ಯ ಧರ್ಮಕೇಂದ್ರಗಳಲ್ಲಿ ಇರುವುದಿಲ್ಲ.

2026ರ ಜೂನ್ 13 ಇನ್ನೂ ಸೂಕ್ಷ್ಮ. ಈಸ್ಟರ್ ಏಪ್ರಿಲ್ 5, ಯೇಸುವಿನ ಪವಿತ್ರ ಹೃದಯದ ಮಹೋತ್ಸವ ಜೂನ್ 12. ಮರುದಿನ ಶನಿವಾರ ಮಾತೆ ಮರಿಯಮ್ಮನವರ ನಿಷ್ಕಳಂಕ ಹೃದಯದ ಸ್ಮರಣೆ, ಅಂದೇ ಪಾದುವದ ಸಂತ ಅಂತೋಣಿಯವರದೂ. ಎರಡು ಕಡ್ಡಾಯ ಸ್ಮರಣೆ ಒಂದೇ ದಿನ ಬಂದರೆ ಎರಡೂ ಐಚ್ಛಿಕವಾಗುತ್ತವೆ. ಆದರೆ ಮೈಸೂರು ಜಿಲ್ಲೆಯ ಡೋರನಹಳ್ಳಿಯಂತೆ ಅಂತೋಣಿಯವರ ಹೆಸರಿನಲ್ಲೇ ಇರುವ ಚರ್ಚಿನಲ್ಲಿ ಅದು ಮಹೋತ್ಸವ, ಅಲ್ಲಿ ಬೇರೆ ಪ್ರಶ್ನೆ ಏಳುವುದಿಲ್ಲ. ಕ್ಯಾಲೆಂಡರಿನಲ್ಲಿ ಎರಡೂ ಹೆಸರಿವೆ, ಎರಡಕ್ಕೂ 'ಐ' ಎಂಬ ಗುರುತಿದೆ. ಯಾರೋ ಕೂತು ಲೆಕ್ಕ ಹಾಕಿದ್ದಾರೆ, ಸಂತೋಷ.

ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯಾದ ನೊವೇನಾ ಶುರುವಾಗುವ ದಿನವನ್ನು ಮಾತ್ರ ಎಲ್ಲೂ ಹಾಕಿಲ್ಲ, ಇದು ದೊಡ್ಡ ಕೊರತೆ. ಹಬ್ಬದ ದಿನವನ್ನೂ ಒಂಬತ್ತರಲ್ಲಿ ಸೇರಿಸಿಕೊಂಡು ಒಂದು ದಿನ ತಡವಾಗಿ ಶುರು ಮಾಡುವವರೇ ಹೆಚ್ಚು. ನೊವೇನಾ ಹಬ್ಬದ ಹಿಂದಿನ ದಿನಕ್ಕೆ ಮುಗಿಯಬೇಕು. ಅಂತೋಣಿಯವರಿಗೆ ಜೂನ್ 4ರಿಂದ 12, ಫಿಲೋಮಿನಾಗೆ ಆಗಸ್ಟ್ 2ರಿಂದ 10. ಹಬ್ಬಕ್ಕೆ ಮುಂಚೆ ಅಂತೋಣಿಯವರಿಗೆ ಹದಿಮೂರು ಮಂಗಳವಾರದ ಪ್ರಾರ್ಥನೆ ಮಾಡುವವರಿಗೆ 2026ರಲ್ಲಿ ಮೊದಲನೆಯದು ಮಾರ್ಚ್ 17, ಕೊನೆಯದು ಜೂನ್ 9. ಮಂಗಳವಾರವೇ ಏಕೆಂದರೆ, 1231ರಲ್ಲಿ ಅವರ ಸಮಾಧಿಯಾದದ್ದು ಮಂಗಳವಾರ.

ಹಿಂಬದಿಯ ಚರಿತ್ರೆಗಳ ಭಾಷೆ ಚೆನ್ನಾಗಿದೆ, ಮಕ್ಕಳೂ ಓದಿಕೊಳ್ಳಬಹುದು. ಚಿತ್ರಗಳದ್ದೇ ತೊಂದರೆ. ಜನವರಿ 17 ಈಜಿಪ್ಟಿನ ಮಠಾಧಿಪತಿ ಅಂತೋಣಿಯವರ ದಿನ: ಬಿಳಿ ಗಡ್ಡ, ಊರುಗೋಲು, ಗಂಟೆ, ಕಾಲ ಬಳಿ ಹಂದಿ. ಅಚ್ಚಾಗಿದ್ದದ್ದು ಬಾಲಯೇಸುವನ್ನೂ ಲಿಲ್ಲಿ ಹೂವನ್ನೂ ಹಿಡಿದ ಪಾದುವದ ಅಂತೋಣಿ. ಇಬ್ಬರ ನಡುವೆ ಸುಮಾರು ಒಂಬತ್ತು ಶತಮಾನಗಳ ಅಂತರವಿದೆ. ಫಿಲೋಮಿನಾ ಚರಿತ್ರೆಯಲ್ಲೂ ಒಂದು ತಿದ್ದುಪಡಿ ಬೇಕು. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಸಮಾಧಿಯಲ್ಲಿ ಸಿಕ್ಕದ್ದು ಎಲುಬುಗಳು, ಹೆಸರು ಬರೆದ ಮೂರು ಮಣ್ಣಿನ ಹಲಗೆಗಳು, ಅವುಗಳ ಮೇಲೆ ಲಂಗರು, ಬಾಣಗಳ ಗುರುತು. ಗ್ರೀಕ್ ರಾಜಕುಮಾರಿಯ ಕಥೆ ಬಂದದ್ದು ಆಮೇಲೆ ನೇಪಲ್ಸಿನ ಸನ್ಯಾಸಿನಿಯೊಬ್ಬರು ಹೇಳಿದ ದರ್ಶನದಿಂದ. ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಬೇಕು, ಅದರಿಂದ ಭಕ್ತಿಗೇನೂ ಕುಂದಿಲ್ಲ.

ಕಾಗದ ತೆಳು, ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿದರೆ ಹಿಂದಿನ ಚರಿತ್ರೆಯ ಮೇಲೆ ಮಸಿ ಇಳಿಯುತ್ತದೆ. ಪೆನ್ಸಿಲ್ ಸಾಕು. ಅಡುಗೆಮನೆಯ ಗೋಡೆಗೆ ಹಾಕಿದರೆ ಹಬೆಗೆ ತಗಡು ತುಕ್ಕು ಹಿಡಿದು ಜುಲೈ ಹೊತ್ತಿಗೆ ಮೇಲಿನ ಅಂಚು ಕಂದಾಗುತ್ತದೆ.

ಇನ್ನೊಂದು: ಮುಖಪುಟದಲ್ಲಿ ಇಡೀ 2026ಕ್ಕೆ 'ಎ ವರ್ಷ' ಎಂದಿದೆ, ಅಂದರೆ ಭಾನುವಾರದ ವಾಚನಗಳ ಎ, ಬಿ, ಸಿ ಎಂಬ ಮೂರು ವರ್ಷದ ಸರದಿಯಲ್ಲಿ ಮೊದಲನೆಯದು. ಅದು ನವೆಂಬರ್ 28ಕ್ಕೆ ಮುಗಿಯುತ್ತದೆ. 29ರಂದು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ, ಅಂದಿನಿಂದ ಭಾನುವಾರದ ವಾಚನಗಳು 'ಬಿ' ವರ್ಷದವು. ಆ ಚೌಕದಲ್ಲಿ ಈಗಲೇ ಪೆನ್ಸಿಲಿನಲ್ಲಿ 'ಬಿ' ಎಂದು ಬರೆದಿಟ್ಟುಕೊಳ್ಳಿ.