ಹೊಸ ಬಣ್ಣದ ಹಳೇ ಲೇಸರ್ ಡಿಂಗಿ: ಮಾಸ್ಟಿನ (ಹಾಯಿಕಂಬದ) ಕುಳಿಗೆ ನೀರು ಹುಯ್ದು ನೋಡದೆ ಕೊಳ್ಳಬೇಡಿ

ಸೆಕೆಂಡ್ ಹ್ಯಾಂಡ್ ಲೇಸರ್ (ಒಬ್ಬರೇ ನಡೆಸುವ ಪುಟ್ಟ ಹಾಯಿದೋಣಿ) ನೋಡಲು ಹೊರಟಿದ್ದರೆ ಇದನ್ನು ಓದಿಕೊಂಡು ಹೋಗಿ. ಈಗ ಅದನ್ನೇ ಐಎಲ್‌ಸಿಎ ಅನ್ನುತ್ತಾರೆ, ದೋಣಿ ಅದೇ. ಕ್ಲಬ್ ರೇಸಿಗೂ ಆಗುತ್ತದೆ, ಸುಮ್ನೆ ಹಾಯಿ ಬಿಚ್ಚಿ ಸುತ್ತಾಡಿ ಬರಲಿಕ್ಕೂ ಆಗುತ್ತದೆ ಎಂದು ತೆಗೆದುಕೊಂಡೆ. ಈಗಲೂ ಲೇಸರ್ ಬೇಡ ಅನ್ನುವುದಿಲ್ಲ. ನನಗೆ ಸಿಕ್ಕ ದೋಣಿಯದ್ದೇ ತಕರಾರು.

ಮಾರಿದವರು ಹೊಸದಾಗಿ ಬಣ್ಣ ಹೊಡೆಸಿಟ್ಟಿದ್ದರು. 'ನೀರು ಒಳಗೆ ಹೋಗುತ್ತಾ?' ಎಂದು ಕೇಳಿದ್ದಕ್ಕೆ 'ಒಂದು ಹನಿಯೂ ಇಲ್ಲ' ಎಂದರು. ರೇಸಿಗೆ ಇಳಿದಾಗ ಬಣ್ಣ ಬಯಲಾಯಿತು. ಬೇರೆಯವರ ದೋಣಿಗಳು ನೀರಿನ ಮೇಲೆ ಜಾರಿಕೊಂಡು ಹೋಗುವ ಗಾಳಿಯಲ್ಲಿ ನನ್ನದು ಕೆರೆ ಉಳುತ್ತಿತ್ತು. ದಡಕ್ಕೆ ತಂದು ಹಿಂಬದಿಯ ಬಿರಡೆ ತೆಗೆದರೆ ನೀರಿನ ಧಾರೆ ನಿಲ್ಲುತ್ತಲೇ ಇರಲಿಲ್ಲ. ಪೂರ್ತಿ ಬಸಿದ ಮೇಲೆ ತೂಗಿದೆವು. ಬರೀ ಹಲ್ (ದೋಣಿಯ ಒಡಲು) ಸುಮಾರು 59 ಕೆಜಿ ಇರಬೇಕು, ಇದು 70 ದಾಟಿತ್ತು! ಡೆಕ್ಕಿನ (ಒಡಲ ಮೇಲ್ಮುಚ್ಚಳದ) ಫೈಬರ್‌ಗ್ಲಾಸ್ ಪದರಗಳ ನಡುವಿನ ಫೋಮ್ ನೀರು ಕುಡಿದು ಕೂತಿತ್ತು. ಆ ನೀರು ಬಿರಡೆ ತೆಗೆದರೆ ಬರುವಂಥದ್ದಲ್ಲ.

ಆಮೇಲೆ ಜೋರು ಗಾಳಿಯ ಒಂದು ರೇಸಿನಲ್ಲಿ ಮಾಸ್ಟ್ ನಿಲ್ಲಿಸುವ ಕುಳಿಯ ಸುತ್ತ ಡೆಕ್ ಸೀಳಿಹೋಯಿತು. ಲೇಸರಿನಲ್ಲಿ ಮಾಸ್ಟನ್ನು ಎಳೆದು ಹಿಡಿಯುವ ತಂತಿಗಳಿಲ್ಲ, ಹಾಯಿಯ ಒತ್ತಡವೆಲ್ಲ ಆ ಕುಳಿಯ ಮೇಲೇ. ಸೀಳಿದ ಕಡೆ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತ್ತು. ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಹಳೇ ಬಿರುಕು. ಅಂದರೆ ಗೊತ್ತಿದ್ದೇ ಮುಚ್ಚಿದ್ದಾರೆ. ರೇಸ್ ದಿನವಾದ್ದರಿಂದ ರೆಸ್ಕ್ಯೂ ಬೋಟ್ ಹತ್ತಿರವೇ ಇತ್ತು. ಒಬ್ಬನೇ ಸುತ್ತಾಡಲು ಹೋದ ದಿನ ಹೀಗಾಗಿದ್ದರೆ ಕಷ್ಟವಿತ್ತು. ಮಾರಿದವರಿಗೆ ಫೋನ್ ಮಾಡಿದರೆ 'ಕೊಟ್ಟಾಗ ಚೆನ್ನಾಗಿಯೇ ಇತ್ತಲ್ಲ' ಎಂದರು.

ಹಾಗಾಗಿ ಆ ಕುಳಿಗೆ ನೀರು ತುಂಬಿ, ಮಟ್ಟಕ್ಕೆ ಗುರುತು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಇಳಿದಿದ್ದರೆ ವಾಪಸ್ ಬನ್ನಿ. ಹೈಕ್ ಮಾಡಲು (ದೋಣಿ ವಾಲದಂತೆ ಮೈ ಹೊರಗೆ ಚಾಚಲು) ಕೂರುವ ಜಾಗದಲ್ಲಿ ಡೆಕ್ಕನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ಒಳಗೆ ಹೋದರೆ ಪದರ ಬಿಟ್ಟುಕೊಂಡಿದೆ ಎಂದರ್ಥ. ತೂಕದ ಯಂತ್ರ ಜೊತೆಗೇ ಒಯ್ಯಿರಿ. ಮಾರುವವರು 'ಅದೆಲ್ಲ ಯಾಕೆ' ಎಂದರೆ ಅಲ್ಲೇ ಉತ್ತರ ಸಿಕ್ಕಿತು, ಅಲ್ವಾ?

ಹಾಯಿಯಲ್ಲೂ ಟೋಪಿ ಹಾಕುತ್ತಾರೆ. ಅಗ್ಗದ ನಕಲು ಹಾಯಿ ಸುತ್ತಾಡಲು ಸಾಕು, ಕ್ಲಾಸ್ ನಿಯಮದ (ಈ ಬಗೆಯ ದೋಣಿಗಳಿಗೆಂದೇ ಇರುವ ನಿಯಮದ) ರೇಸಿಗೆ ನಡೆಯುವುದಿಲ್ಲ. ನನಗೆ ಬಂದದ್ದು ಅದೇ. ಅಳತೆಯೂ ಮೂರಿವೆ: 4.7, 5.76, 7.06 ಚದರ ಮೀಟರ್. ಹಲ್ ಒಂದೇ, ಹಾಯಿ ಮತ್ತು ಮಾಸ್ಟಿನ ಕೆಳತುಂಡು ಬದಲಾಗುತ್ತದೆ. ಹಗುರ ಮೈಯವರಿಗೂ ದೊಡ್ಡದನ್ನೇ ಅಂಟಿಸಿ 'ಅಭ್ಯಾಸ ಆಗುತ್ತೆ ಬಿಡಿ' ಅನ್ನುತ್ತಾರೆ. ಗಾಳಿ ಏರಿದಾಗ ದೋಣಿಯನ್ನು ವಾಲದಂತೆ ಹಿಡಿಯಲು ಬೇಕಿರುವುದು ಮೈತೂಕ, ಬರೀ ಅಭ್ಯಾಸದಿಂದ ಅದು ಬರುವುದಿಲ್ಲ.