ದೇವರಾಯನದುರ್ಗದ ಏರಿಗೂ ಹೈವೇ ತಂತಿಗೂ ಒಗ್ಗುವ ಟೈರ್

ತುಮಕೂರಿನ ಸುತ್ತ ರೋಡ್ ಬೈಕ್, ಅಂದರೆ ತೆಳು ಟೈರಿನ ಹಗುರ ಸೈಕಲ್, ಓಡಿಸುವವರು ಯಾವ ಟೈರ್ ಹಾಕಲಿ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಕಾಂಟಿನೆಂಟಲ್ ಗ್ರ್ಯಾಂಡ್ ಪ್ರಿ 4-ಸೀಸನ್, 28 ಮಿ.ಮೀ. ಅಗಲದ್ದು. ಇದಕ್ಕೂ ಮೊದಲು ಹಗುರವಾದ ರೇಸ್ ಟೈರ್ ಹಾಕಿದ್ದೆ. ಟ್ಯೂಬ್‌ಲೆಸ್ ಹಾಕಿದ್ದೆ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಕೂಡ ಓಡಿಸಿ ನೋಡಿದ್ದೇನೆ. ಕೊನೆಗೆ ಸೈಕಲ್ ಮೇಲೆ ಉಳಿದಿದ್ದು ಇದು.

ನಾನು ಹೋಗುವ ದಾರಿಗಳು ಎರಡು. ಒಂದು, ನಾಮದ ಚಿಲುಮೆ ದಾಟಿ ದೇವರಾಯನದುರ್ಗ ಹತ್ತುವ ಕಾಡಿನ ರಸ್ತೆ. ಇನ್ನೊಂದು, ಶಿರಾ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48. ಬೆಟ್ಟಕ್ಕೆ ತೀರಾ ಭಾರವಲ್ಲದ ಟೈರ್ ಬೇಕು, ಇಳಿಯುವಾಗ ತಿರುವಿನಲ್ಲಿ ಹಿಡಿತ ಬೇಕು. ಹೈವೇಗೆ ತಂತಿ ತಡೆಯುವ ಟೈರ್ ಬೇಕು.

ಈ ತಂತಿಯ ಕಾಟವನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಲಾರಿಯ ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿಯ ಪದರ ಇರುತ್ತದೆ. ಟೈರ್ ಸಿಡಿದರೆ ಅದರ ಪಟ್ಟಿಗಳು ರಸ್ತೆ ಅಂಚಿಗೆ ಬಂದು ಬೀಳುತ್ತವೆ. ಗಾಡಿಗಳ ಕೆಳಗೆ ಸಿಕ್ಕಿ ಸಿಕ್ಕಿ ಅವು ಚಿಂದಿಯಾದ ಮೇಲೆ ತೆಳ್ಳನೆಯ ತಂತಿ ಚೂರುಗಳು ಅಲ್ಲೇ ಉಳಿಯುತ್ತವೆ. ಸೈಕಲ್‌ನವರು ಓಡಿಸುವುದೂ ಅದೇ ಅಂಚಿನಲ್ಲಿ, ಅಲ್ವಾ?

ದೊಡ್ಡ ಗಾಜು ಚುಚ್ಚಿದರೆ ತಕ್ಷಣ ಗೊತ್ತಾಗುತ್ತದೆ. ತಂತಿ ಹಾಗಲ್ಲ. ಚಕ್ರ ಉರುಳಿದಂತೆಲ್ಲ ಸ್ವಲ್ಪ ಸ್ವಲ್ಪವೇ ಒಳಗೆ ಇಳಿಯುತ್ತದೆ. ರಾತ್ರಿ ಗಟ್ಟಿಯಾಗಿದ್ದ ಟೈರ್ ಬೆಳಿಗ್ಗೆ ಮೆತ್ತಗಾಗಿರುತ್ತದೆ. ಟ್ಯೂಬ್ ಬದಲಿಸಿದರೂ ತಂತಿ ರಬ್ಬರಿನಲ್ಲೇ ಕೂತಿದ್ದರೆ ಹೊಸ ಟ್ಯೂಬಿಗೂ ಅದೇ ಗತಿ. ರೇಸ್ ಟೈರ್ ಇದ್ದಷ್ಟು ದಿನ ನನಗೆ ಆಗುತ್ತಿದ್ದದ್ದು ಇದೇ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗಡೆ ಹತ್ತಿ ಅಥವಾ ಬಟ್ಟೆ ಚೂರು ಆಡಿಸಿದರೆ ಎಳೆ ಸಿಕ್ಕಿಹಾಕಿಕೊಳ್ಳುತ್ತದೆ, ಆಗ ಜಾಗ ಸಿಗುತ್ತದೆ.

ಅದಕ್ಕೇ ಟೈರ್ ಹಾಕುವಾಗ ಅದರ ಹೆಸರು ಬರೆದ ಜಾಗವನ್ನು ವಾಲ್ವ್‌ನ ನೇರಕ್ಕೆ ತಂದು ಕೂರಿಸಿ. ಪಂಕ್ಚರ್ ಆದಾಗ ಟ್ಯೂಬಿನ ತೂತು ವಾಲ್ವ್‌ನಿಂದ ಎಷ್ಟು ದೂರ ಇದೆ ನೋಡಿ. ಟೈರಿನಲ್ಲೂ ಹೆಸರಿನ ಎರಡೂ ಕಡೆ ಅಷ್ಟೇ ದೂರ ಹುಡುಕಿದರೆ ಸಾಕು. ಬ್ಯಾಗಿನಲ್ಲಿ ಒಂದು ಚಿಮುಟ ಇರಲಿ. ಆ ತಂತಿ ಉಗುರಿಗೆ ಸಿಗುವುದಿಲ್ಲ. ಹೈವೇ ಪಂಕ್ಚರ್ ಅಂಗಡಿಯ ಗಾಳಿ ಪೈಪ್ ಸ್ಕೂಟರ್ ವಾಲ್ವ್‌ಗೆ ಹಿಡಿಯುತ್ತದೆ, ನಮ್ಮ ಸಣ್ಣ ಪ್ರೆಸ್ಟಾ ವಾಲ್ವ್‌ಗೆ ಹಿಡಿಯುವುದಿಲ್ಲ. ಪುಟ್ಟ ಹಿತ್ತಾಳೆ ಅಡಾಪ್ಟರ್ ಜೊತೆಗಿದ್ದರೆ ಅಂಗಡಿಯ ಅಣ್ಣ ನಿಮಿಷದಲ್ಲಿ ಗಾಳಿ ಹಾಕಿ ಕಳಿಸುತ್ತಾರೆ.

4-ಸೀಸನ್‌ನಲ್ಲಿ ನೆಲಕ್ಕೆ ತಾಗುವ ರಬ್ಬರಿನ ಕೆಳಗೆ ವೆಕ್ಟ್ರಾನ್ ಎಂಬ ಗಟ್ಟಿ ನೂಲಿನ ಎರಡು ಪದರ ಇದೆ. 1997ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಪಾಥ್‌ಫೈಂಡರ್‌ನ ಗಾಳಿಚೀಲಗಳನ್ನು ಮಾಡಿದ್ದೂ ಇದೇ ನೂಲಿನಿಂದ. ಟೈರಿನ ಪಕ್ಕಗಳು ಸೀಳದಂತೆ ಅಲ್ಲೂ ಒಂದು ಹೆಣಿಗೆ ಇದೆ. ಕೆರೆ ಏರಿ ಮೇಲಿನ ಬಳ್ಳಾರಿ ಜಾಲಿ ಮುಳ್ಳು, ಬಾಟಲಿ ಚೂರು ಇದಕ್ಕೆ ಲೆಕ್ಕಕ್ಕಿಲ್ಲ. ತಂತಿ ಮಾತ್ರ ಎಳೆಗಳ ಸಂದಿಯಲ್ಲಿ ಅಪರೂಪಕ್ಕೆ ನುಸುಳುತ್ತದೆ. ಮೊದಲಿನ ಪಂಕ್ಚರ್‌ಗಳಿಗೆ ಹೋಲಿಸಿದರೆ ಅದು ಏನೇನೂ ಅಲ್ಲ. ಮಳೆಯಲ್ಲಿ ದುರ್ಗದಿಂದ ಇಳಿಯುವಾಗಲೂ ತಿರುವಿನಲ್ಲಿ ಧೈರ್ಯ ಕೊಡುತ್ತದೆ.

ತೂಕದ ಬಗ್ಗೆ ತುಂಬಾ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. 25 ಮಿ.ಮೀ. ರೇಸ್ ಟೈರ್ ಸುಮಾರು 220 ಗ್ರಾಂ, ಇದು ಸುಮಾರು 280. ಎರಡು ಚಕ್ರಕ್ಕೆ ಸೇರಿ 120 ಗ್ರಾಂ ಜಾಸ್ತಿ. ಸೈಕಲ್ ಮತ್ತು ಸವಾರ ಸೇರಿ 75 ಕಿಲೋ ಇದ್ದು, ಏರು ಹತ್ತಲು 20 ನಿಮಿಷ ಬೇಕು ಅಂದುಕೊಳ್ಳಿ. ಆ 120 ಗ್ರಾಂನಿಂದ ತಡವಾಗುವುದು ಹೆಚ್ಚೆಂದರೆ ಎರಡು ಸೆಕೆಂಡ್! ಬಿಸಿಲಲ್ಲಿ ನಿಂತು ಟ್ಯೂಬ್ ಬದಲಿಸಲು ಹಿಡಿಯುವ ಸಮಯ ಎಷ್ಟು, ನೀವೇ ನೋಡಿ. ರೇಸ್ ಟೈರ್ ಸಮತಟ್ಟು ರಸ್ತೆಯಲ್ಲಿ ಚುರುಕಾಗಿ ಓಡುವುದು ನಿಜ. ಅದು ತೂಕಕ್ಕಿಂತ ಜಾಸ್ತಿ ಅದರ ಮೆದುತನದಿಂದ.

ಮ್ಯಾರಥಾನ್ ಪ್ಲಸ್‌ನಲ್ಲಿ 5 ಮಿ.ಮೀ. ದಪ್ಪದ ರಬ್ಬರ್ ಪದರ ಇದೆ. ಸಣ್ಣ ತಂತಿ ಅದನ್ನು ದಾಟಿ ಟ್ಯೂಬ್ ಮುಟ್ಟುವುದೇ ಕಷ್ಟ. ಪಂಕ್ಚರ್ ತಡೆಯುವುದರಲ್ಲಿ ಇದೇ ಗೆಲ್ಲುತ್ತದೆ, ಅನುಮಾನ ಬೇಡ. ಆದರೆ ಒಂದು ಟೈರ್ ಮುಕ್ಕಾಲು ಕಿಲೋ ಹತ್ತಿರ ತೂಗುತ್ತದೆ. ದಿನಾ ಆಫೀಸಿಗೆ ಸೈಕಲ್ ತುಳಿಯುವವರು ಕಣ್ಣು ಮುಚ್ಚಿ ತಗೊಳ್ಳಿ. ಏರು ಹತ್ತುವ ಖುಷಿಗೆ ಸೈಕಲ್ ಹಿಡಿಯುವವರಿಗೆ ಇದು ಬೇಡ.

ಟ್ಯೂಬ್‌ಲೆಸ್‌ನಲ್ಲಿ ಒಳಗಿನ ದ್ರವ ತಂತಿ ತೂತುಗಳನ್ನು ತಾನೇ ಮುಚ್ಚುತ್ತದೆ. ಆ ದ್ರವ ಕೆಲವು ತಿಂಗಳಲ್ಲೇ ಒಣಗುತ್ತದೆ, ಮತ್ತೆ ತುಂಬಬೇಕು. ನಾನು ಹಾಕಿದ್ದ ಟೈರ್ ರಿಮ್ಮಿಗೆ ಎಷ್ಟು ಬಿಗಿ ಅಂದರೆ ಅದನ್ನು ಬಿಚ್ಚಲು ಹೋಗಿ ಮನೆಯಲ್ಲೇ ಎರಡು ಲಿವರ್ (ಟೈರ್ ಎಬ್ಬಿಸುವ ಕಡ್ಡಿ) ಮುರಿದವು. ದಾರಿಯಲ್ಲೂ ಹೀಗೇ ಆದರೆ? ಒಬ್ಬನೇ ದೂರ ಹೋಗುವವನಿಗೆ ಆ ಭಯವೇ ಸಾಕು, ಅದು ಬೇಡ ಅನ್ನಿಸಲು.

4-ಸೀಸನ್ ಅಗ್ಗವಲ್ಲ. ದುಡ್ಡು ಬಿಗಿ ಇದ್ದರೆ ಮೊದಲು ಒಂದೇ ತಗೊಂಡು ಹಿಂದಿನ ಚಕ್ರಕ್ಕೆ ಹಾಕಿ. ಮೈಭಾರ ಹೆಚ್ಚು ಬೀಳುವುದೂ, ಪಂಕ್ಚರ್ ಜಾಸ್ತಿ ಆಗುವುದೂ ಅಲ್ಲೇ. ಮುಂದೆ ಹಿಡಿತ ಚೆನ್ನಾಗಿರುವ ಟೈರ್ ಇದ್ದರೆ ಅದೇ ಇರಲಿ. ನಾನೂ ಹಿಂದಿನದನ್ನು ಮೊದಲು ಕೊಂಡು, ಮುಂದಿನದು ಸವೆದ ಮೇಲೆ ಇನ್ನೊಂದು ತಂದೆ. ಕೊಳ್ಳುವ ಮುಂಚೆ ಬ್ರೇಕಿನ ಕೆಳಗೆ 28ಕ್ಕೆ ಜಾಗ ಇದೆಯಾ ನೋಡಿ. ಹಳೆಯ ಎಷ್ಟೋ ಫ್ರೇಮುಗಳಲ್ಲಿ ಇರುವುದಿಲ್ಲ. ಅಂಥವರಿಗೆ ಇದೇ ಟೈರ್ 25ರಲ್ಲೂ ಸಿಗುತ್ತದೆ.